ಚುಕ್ಕಿಯ ಹಿಂದಿನ ಕಡತಗಳು

ಮನೆಗೆ ಹೊಸ ಕಂಪ್ಯೂಟರ್ ಬಂದರೆ ಎಲ್ಲರೂ ಮೊದಲು ಕೇಳುವುದು ಹಳೆಯ ಫೋಟೊ ಬಂದವೋ ಇಲ್ಲವೋ ಎಂದು. ಅವು ಹೇಗೋ ಬಂದುಬಿಡುತ್ತವೆ. ಪೆನ್‌ಡ್ರೈವ್ ಇದೆ, ಗೂಗಲ್ ಡ್ರೈವ್ ಇದೆ, ಏನೂ ಇಲ್ಲದಿದ್ದರೆ ಪಕ್ಕದ ಮನೆಯ ಹುಡುಗ ಇದ್ದಾನೆ. ಬಾರದೆ ಉಳಿಯುವುದು ಬೇರೊಂದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನನಗೆ ಪರಿಚಯದ ಡಿಟಿಪಿ ಆಪರೇಟರ್ ಒಬ್ಬರಿದ್ದಾರೆ. ಹಗಲು ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ಪುಟ ಕಟ್ಟುತ್ತಾರೆ, ರಾತ್ರಿ ಮನೆಯಲ್ಲಿ ಕೂತು ಲೇಖಕರ ಹಸ್ತಪ್ರತಿ ಟೈಪ್ ಮಾಡುತ್ತಾರೆ. ಪ್ರೆಸ್ಸಿನಲ್ಲಿ ವಿಂಡೋಸ್, ಮನೆಯಲ್ಲಿ ಮಗ ಹಾಕಿಕೊಟ್ಟ ಉಬುಂಟು ಲಿನಕ್ಸ್. ಮಗ ವಿದ್ಯಾನಗರದ ಬಿವಿಬಿ ಕಾಲೇಜಿನಲ್ಲಿ ಓದಿದವನು, ಈಗ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುತ್ತಾನೆ. ಅವನ ಮೇಜಿನ ಮೇಲೆ ಕಂಪನಿಯದೊಂದು, ಸ್ವಂತದ್ದೊಂದು ಲ್ಯಾಪ್‌ಟಾಪ್. ಪ್ರೆಸ್ಸಿನವರು ಹೊಸ ಕಂಪ್ಯೂಟರ್ ಕೊಟ್ಟಿದ್ದಾರೆಂದು ಕೇಳಿ, ಹೇಗಿದೆ ಎಂದು ವಿಚಾರಿಸಿದೆ. “ಫೈಲ್ ಎಲ್ಲಾ ಬಂದಾವ್ರಿ ಸರ. ಆದ್ರ ಬ್ಯಾರೇದವ್ರ ಕಂಪ್ಯೂಟರ್‌ನ್ಯಾಗ ಕುಂತಂಗ ಆಗ್ತದ” ಅಂದರು.

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಕಂಪ್ಯೂಟರನ್ನು ವರ್ಷಗಟ್ಟಲೆ ಬಳಸುವಾಗ ಅದಕ್ಕೆ ನೂರಾರು ಸಣ್ಣ ಸಣ್ಣ ಕರಾರು ಹಾಕಿರುತ್ತೇವೆ. ಕನ್ನಡಕ್ಕೆ ಈ ಕೀಬೋರ್ಡ್, ಓದಲು ಈ ಫಾಂಟ್, ಪುಟದ ಅಂಚು ಇಷ್ಟು, ಈ ಪದಕ್ಕೆ ಕೆಂಪು ಗೆರೆ ಎಳೆಯಬೇಡ, ಈ ಮೂರಕ್ಷರ ಒತ್ತಿದರೆ ಆ ಪ್ರಕಾಶನದ ಪೂರ್ತಿ ವಿಳಾಸ ಬರಲಿ. ಇವೆಲ್ಲ ಡಿಸ್ಕಿನಲ್ಲಿ ಎಲ್ಲೋ ಬರೆದಿಟ್ಟಿರಲೇಬೇಕು, ಇಲ್ಲದಿದ್ದರೆ ಮರುದಿನ ಬೆಳಗ್ಗೆ ಯಂತ್ರಕ್ಕೆ ಒಂದೂ ನೆನಪಿರುವುದಿಲ್ಲ. ಹಾಗೆ ಬರೆದಿಟ್ಟವೇ ಕಾನ್ಫಿಗರೇಶನ್ ಫೈಲುಗಳು. ಅಳತೆಯಲ್ಲಿ ಇವು ಏನೇನೂ ಅಲ್ಲ. ಹತ್ತು ವರ್ಷದ ಸೆಟ್ಟಿಂಗುಗಳೆಲ್ಲ ಸೇರಿದರೂ ಫೋನಿನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ ಹಿಡಿಯಲಿಕ್ಕಿಲ್ಲ. ಆದರೆ ಕಳೆದುಹೋದರೆ ಮತ್ತೆ ಕಟ್ಟಿಕೊಳ್ಳಲು ತಿಂಗಳು ಬೇಕು. ಏಕೆಂದರೆ ಅವನ್ನು ಯಾರೂ ಒಂದೇ ದಿನ ಕೂತು ಮಾಡಿರುವುದಿಲ್ಲ.

ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಈ ಕಡತಗಳಿಗೆ ‘ಡಾಟ್‌ಫೈಲ್ಸ್’ ಎನ್ನುತ್ತಾರೆ, ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ. ಚುಕ್ಕಿ ಇದ್ದರೆ ಕಡತ ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ. ಯಾರೋ ಆಳವಾಗಿ ಯೋಚಿಸಿ ಮಾಡಿದ ವ್ಯವಸ್ಥೆ ಎಂದುಕೊಂಡರೆ ಹಾಗೇನಿಲ್ಲ. ಹಿಂದೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದರ ಹುಟ್ಟಿನ ಕಥೆ ಬರೆದರು. ಇವೆರಡಕ್ಕೂ ಮಾದರಿಯಾದ ಯುನಿಕ್ಸ್ ಇನ್ನೂ ಎಳೆಯದಾಗಿದ್ದಾಗ ಪ್ರತಿ ಫೋಲ್ಡರಿನಲ್ಲೂ ತನ್ನನ್ನು ಸೂಚಿಸುವ ಒಂದು ಚುಕ್ಕಿ, ಮೇಲಿನ ಫೋಲ್ಡರನ್ನು ಸೂಚಿಸುವ ಎರಡು ಚುಕ್ಕಿ ಎಂಬ ನಮೂದುಗಳು ಬಂದವು. ಪಟ್ಟಿ ತೋರಿಸುವ ‘ಎಲ್‌ಎಸ್’ ಆದೇಶದಲ್ಲಿ ಇವೆರಡು ಕಾಣದಿರಲಿ ಎಂದು ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅಥವಾ ಡೆನಿಸ್ ರಿಚಿ, ಇಬ್ಬರಲ್ಲೊಬ್ಬರು, ಒಂದು ಸಾಲು ಸೇರಿಸಿದರು: ಹೆಸರಿನ ಮೊದಲಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು. ಪೂರ್ತಿ ಹೆಸರನ್ನು ನೋಡಬೇಕಿತ್ತು, ಮೊದಲಕ್ಷರವನ್ನಷ್ಟೇ ನೋಡಿ ಕೈತೊಳೆದುಕೊಂಡರು. ಚುಕ್ಕಿ ಹಚ್ಚಿದರೆ ಕಡತ ಮರೆಯಾಗುತ್ತದೆಂದು ಉಳಿದವರಿಗೆ ಗೊತ್ತಾದದ್ದೇ ತಡ, ಪ್ರತಿಯೊಂದು ತಂತ್ರಾಂಶವೂ ತನ್ನ ಸೆಟ್ಟಿಂಗನ್ನು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ಬಚ್ಚಿಡತೊಡಗಿತು. ಕಸ ಹೆಚ್ಚಾಗಿ, 2003ರಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಬಳಗ ಇವೆಲ್ಲ ‘ಡಾಟ್ ಕಾನ್ಫಿಗ್’ ಎಂಬ ಒಂದೇ ಫೋಲ್ಡರಿನೊಳಗೆ ಇರಲಿ ಎಂದು ನಿಯಮ ಬರೆಯಿತು. ಕೆಲವು ತಂತ್ರಾಂಶಗಳು ಕೇಳಿದವು, ಇನ್ನು ಕೆಲವು ಇಂದಿಗೂ ಕೇಳಿಲ್ಲ.

ವಿಂಡೋಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬಹುಪಾಲು ಸೆಟ್ಟಿಂಗುಗಳು ರಿಜಿಸ್ಟ್ರಿ ಎಂಬ ದೊಡ್ಡ ಡೇಟಾಬೇಸಿನೊಳಗೆ ಹೋಗುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದುವಂತಿಲ್ಲ, ಒಂದು ಭಾಗವನ್ನಷ್ಟೇ ಎತ್ತಿಕೊಂಡು ಇನ್ನೊಂದು ಯಂತ್ರಕ್ಕೆ ಹಾಕುವುದೂ ಸಲೀಸಲ್ಲ. ಓದಲು ಬರುವ ಪಠ್ಯವಾಗಿ ಇರುವ ಸೆಟ್ಟಿಂಗಿಗೂ ಹಾಗಿಲ್ಲದ ಸೆಟ್ಟಿಂಗಿಗೂ ಇರುವ ಅಂತರ ಸಣ್ಣದಲ್ಲ. ಪಠ್ಯವಾದರೆ ಅದನ್ನು ಹೋಲಿಸಿ ನೋಡಬಹುದು, ತಿದ್ದಬಹುದು, ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು, ಮಗನಿಗೆ ಇಮೇಲ್ ಮಾಡಬಹುದು. ಈ ಅಂಕಣದ ಉಳಿದ ಮಾತೆಲ್ಲ ಇದರ ಮೇಲೇ ನಿಂತಿದೆ.

ಕನ್ನಡದವರಿಗೆ ಈ ಸಮಸ್ಯೆ ಇಂಗ್ಲಿಷಿನವರಿಗಿಂತ ಎರಡು ಪಟ್ಟು. ಇಂಗ್ಲಿಷಿನವನು ಯಾವ ಊರಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದೇ ಕ್ವರ್ಟಿ, ಕೂತ ಕೂಡಲೇ ಬರೆಯುತ್ತಾನೆ. ನಮ್ಮಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದ ಹಾದಿಯಲ್ಲಿ ಬಂದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಮನೆಮಾತಾದ ಕೀಬೋರ್ಡ್ ಒಂದು, ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಇನ್ನೊಂದು, ‘ಬರಹ’ ತಂತ್ರಾಂಶದ ಲಿಪ್ಯಂತರಣ ಮತ್ತೊಂದು, ಫೋನಿಗೆ ಬಂದರೆ ಮಗದೊಂದು. ನುಡಿಯಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು, ಇನ್‌ಸ್ಕ್ರಿಪ್ಟಿನಲ್ಲಿ ಡಿ. ಇಪ್ಪತ್ತು ವರ್ಷ ಎಫ್ ಒತ್ತಿದ ಬೆರಳನ್ನು ಹೊಸ ಯಂತ್ರದ ಇನ್‌ಸ್ಕ್ರಿಪ್ಟಿನ ಮುಂದೆ ಕೂರಿಸಿದರೆ ‘ಅಕ್ಕ’ ಬರೆಯುವುದಕ್ಕೂ ತಡವರಿಸುತ್ತದೆ.

ಇದಕ್ಕಿಂತ ಹಳೆಯ ಗಾಯ ಫಾಂಟಿನದು. 1991ರಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೂ ನಮ್ಮ ಪ್ರೆಸ್ಸು, ಕಚೇರಿ, ಡಿಟಿಪಿ ಅಂಗಡಿಗಳು ಬಹುಕಾಲ ಆಸ್ಕಿ ಫಾಂಟುಗಳಲ್ಲೇ ಬದುಕಿದವು, ಎಷ್ಟೋ ಕಡೆ ಇನ್ನೂ ಬದುಕುತ್ತಿವೆ. ಅವುಗಳಲ್ಲಿ ‘ಕ’ ಎಂಬ ಅಕ್ಷರ ಕಡತದಲ್ಲಿ ಇರುವುದೇ ಇಲ್ಲ. ಇರುವುದು ಯಾವುದೋ ಲ್ಯಾಟಿನ್ ಚಿಹ್ನೆ, ಅದನ್ನು ‘ಕ’ ಎಂದು ತೋರಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಪ್ರಶ್ನೆ ಚಿಹ್ನೆಗಳೂ ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳೂ ಸಾಲುಗಟ್ಟಿ ನಿಲ್ಲುತ್ತವೆ. ಹುಬ್ಬಳ್ಳಿಯ ಯಾವ ಡಿಟಿಪಿ ಅಂಗಡಿಯಲ್ಲಿ ಕೇಳಿ, ಈ ದೃಶ್ಯ ನೋಡದವರು ಸಿಗುವುದಿಲ್ಲ. ಅಂದರೆ ಇಲ್ಲಿ ಬರಹದ ಅರ್ಥವೇ ಸೆಟ್ಟಿಂಗಿನಲ್ಲಿ ಸಿಕ್ಕಿಕೊಂಡಿತ್ತು, ಕಡತದಲ್ಲಿ ಇರಲಿಲ್ಲ. ಸೆಟ್ಟಿಂಗನ್ನು ಬಿಟ್ಟುಬಂದವನು ಬರಹವನ್ನೂ ಬಿಟ್ಟುಬಂದ ಹಾಗೆ. ಇಂಗ್ಲಿಷ್ ಪ್ರೋಗ್ರಾಮರುಗಳು ಡಾಟ್‌ಫೈಲ್ಸ್ ಬಗ್ಗೆ ಸಾವಿರ ಲೇಖನ ಬರೆದಿದ್ದಾರೆ. ಈ ಅನುಭವ ಅವರಲ್ಲಿ ಒಬ್ಬರಿಗೂ ಆಗಿರಲಿಕ್ಕಿಲ್ಲ.

ಹಾಗಾದರೆ ಕನ್ನಡದಲ್ಲಿ ಬರೆಯುವವನೊಬ್ಬನ ಹೋಮ್ ಫೋಲ್ಡರಿನಲ್ಲಿ ಉಳಿಸಿಕೊಳ್ಳಬೇಕಾದ್ದು ಏನೇನಿದೆ? ಲಿನಕ್ಸ್ ಯಂತ್ರವಾದರೆ ಮೂರು ಜಾಗ ನೋಡಿದರೆ ಸಾಕು. ಕೀಬೋರ್ಡ್ ವಿನ್ಯಾಸಗಳು ಎಂ17ಎನ್ ಎಂಬ ವ್ಯವಸ್ಥೆಯಲ್ಲಿ ಪಠ್ಯ ಕಡತಗಳಾಗಿಯೇ ಬರುತ್ತವೆ. ಗಣಕ ಪರಿಷತ್ತಿನ ವಿನ್ಯಾಸವೂ ಅದರಲ್ಲಿದೆ. ಅದರ ಒಂದು ಪ್ರತಿಯನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಂಡು, ಅನಿಸಿದ ಕೀಲಿಗೆ ಅನಿಸಿದ ಅಕ್ಷರ ಹಚ್ಚಬಹುದು. ಫಾಂಟಿನ ಆಯ್ಕೆ ‘ಫಾಂಟ್‌ಕಾನ್ಫಿಗ್’ ಎಂಬಲ್ಲಿ ಬರೆದಿರುತ್ತದೆ: ಕನ್ನಡ ಕಂಡರೆ ಮೊದಲು ನೋಟೋ ಸೆರಿಫ್, ಅದಿಲ್ಲದಿದ್ದರೆ ಲೋಹಿತ್. ಮೂರನೆಯದು ಸ್ವಂತ ಪದಪಟ್ಟಿ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಬೆಲೆ ಹೆಚ್ಚಿನದು ಇದೇ.

ಆಪರೇಟರ್ ಅವರ ಪದಪಟ್ಟಿಯನ್ನು ತೆರೆದು ನೋಡಿದೆ. ಲಿಬ್ರೆಆಫೀಸಿನಲ್ಲಿ ‘ಈ ಪದವನ್ನು ನಿಘಂಟಿಗೆ ಸೇರಿಸು’ ಎಂದು ಒತ್ತಿದ ಪ್ರತಿ ಸಲವೂ ಒಂದು ಸಾಲು ಬೆಳೆಯುವ ಕಡತ ಅದು. ಮೇಲೆ ನಾಲ್ಕು ಸಾಲಿನ ತಲೆಬರಹ, ಅದರಲ್ಲಿ ಓಪನ್‌ಆಫೀಸ್ ಕಾಲದ ಹೆಸರೇ ಇನ್ನೂ ಉಳಿದಿದೆ. ಇರುವ ಫೋಲ್ಡರಿನ ಹೆಸರು ‘4’. ತಂತ್ರಾಂಶ 5, 6, 7 ದಾಟಿ ವರ್ಷದ ಲೆಕ್ಕದ ಸಂಖ್ಯೆಗೆ ಬಂದರೂ ಫೋಲ್ಡರ್ ನಾಲ್ಕರಲ್ಲೇ ನಿಂತಿದೆ, ಬದಲಿಸಿದರೆ ಎಲ್ಲರ ಸೆಟ್ಟಿಂಗೂ ಅನಾಥವಾದೀತೆಂದು. ತಲೆಬರಹದ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ಪದ: ಅಗದಿ, ಛಲೋ, ಲಗೂನ, ಹೋಗೂಣು, ಮುಂಜಾನಿ, ಕುಂಡ್ರು, ಹಿಂಗ್ಯಾಕ. ಧಾರವಾಡ ಕಡೆಯ ಕತೆಗಾರರ ಹಸ್ತಪ್ರತಿ ಟೈಪ್ ಮಾಡುವಾಗ ಕೆಂಪು ಗೆರೆ ಬಿದ್ದ ಪದಗಳನ್ನು ಅವರು ಒಂದೊಂದಾಗಿ ಕಾಪಾಡಿಕೊಂಡು ಬಂದಿದ್ದಾರೆ. ಯಾವ ಕಂಪನಿಯ ಸ್ಪೆಲ್‌ಚೆಕ್ಕೂ ಕೊಡದ ನಿಘಂಟು ಅದು, ಪ್ರೆಸ್ಸಿನ ಹೊಸ ಕಂಪ್ಯೂಟರಿನಲ್ಲಿ ಅದರ ಒಂದು ಪದವೂ ಇರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಕನ್ನಡ ಪದಪಟ್ಟಿ ಒಯ್ಯುವವರು ತಿಳಿದಿರಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಪದ ಕಂಪ್ಯೂಟರಿಗೆ ಎರಡಾಗಿರಬಹುದು. ‘ಕೊ’ ಎಂಬಲ್ಲಿರುವ ಒಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಎರಡೂ ಸರಿಯೆಂದು ಯುನಿಕೋಡೇ ಒಪ್ಪುತ್ತದೆ. ಬೇರೆ ಬೇರೆ ಕೀಬೋರ್ಡು, ಬೇರೆ ಬೇರೆ ಪರಿವರ್ತಕ ಬೇರೆ ಬೇರೆ ರೀತಿ ಬರೆದಿಟ್ಟರೆ, ಒಂದು ಯಂತ್ರದಲ್ಲಿ ಸೇರಿಸಿದ ಪದಕ್ಕೆ ಇನ್ನೊಂದರಲ್ಲಿ ಮತ್ತೆ ಕೆಂಪು ಗೆರೆ. ‘ಲ್ಯಾಪ್‌ಟಾಪ್’ ಎಂದು ಬಿಡಿಸಿ ಬರೆಯುವಾಗ ನಡುವೆ ಕಾಣದ ಅಕ್ಷರವೊಂದು ಕೂತಿರುತ್ತದೆ, ‘ಲ್ಯಾಪ್ಟಾಪ್’ ಎಂದಾಗ ಅದು ಇರುವುದಿಲ್ಲ. ಪಟ್ಟಿಯನ್ನು ಒಯ್ಯುವ ಮೊದಲು ಒಮ್ಮೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸಣ್ಣ ಪ್ರೋಗ್ರಾಂ ಓಡಿಸುವುದು ಒಳ್ಳೆಯದು. ಪೈಥಾನ್ ಬಲ್ಲ ವಿದ್ಯಾರ್ಥಿಗೆ ಐದು ಸಾಲಿನ ಕೆಲಸ.

ಈಗ ಒಯ್ಯುವ ಮಾತು. ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ದಾರಿ. ಒಂದು ಯಂತ್ರದಿಂದ ಇನ್ನೊಂದಕ್ಕೆ ಒಮ್ಮೆ ಹೋಗಿ ಮುಗಿಯುವುದಾದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡೂ ಯಂತ್ರ ದಿನವೂ ಬಳಕೆಯಲ್ಲಿದ್ದರೆ ವಾರದೊಳಗೆ ಪ್ರಶ್ನೆ ಏಳುತ್ತದೆ: ಹೊಸದು ಯಾವುದು? ಸೋಮವಾರ ಪ್ರೆಸ್ಸಿನಲ್ಲಿ ಹತ್ತು ಪದ ಸೇರಿಸಿದಿರಿ, ಮಂಗಳವಾರ ಮನೆಯಲ್ಲಿ ಆರು. ಯಾವುದನ್ನು ಯಾವುದರ ಮೇಲೆ ಹಾಕಿದರೂ ಒಂದಷ್ಟು ಅಳಿಸಿಹೋಗುತ್ತದೆ. ಡ್ರಾಪ್‌ಬಾಕ್ಸ್‌ನಂಥ ಸೇವೆ, ಅಥವಾ ಯಾರ ಸರ್ವರಿನಲ್ಲೂ ಕಡತ ಇಡದೆ ಯಂತ್ರದಿಂದ ಯಂತ್ರಕ್ಕೆ ಕಳಿಸುವ ಸಿಂಕ್‌ಥಿಂಗ್, ನಕಲಿನ ಬೇಸರ ತಪ್ಪಿಸುತ್ತವೆ. ಆದರೆ ಇಬ್ಬಂದಿಗೆ ಸಿಕ್ಕಾಗ ಅವೂ ಕೈಚೆಲ್ಲಿ, ‘ಕಾನ್ಫ್ಲಿಕ್ಟ್’ ಎಂಬ ಬಾಲ ಅಂಟಿಸಿದ ಎರಡನೆಯ ಕಡತವನ್ನು ಪಕ್ಕದಲ್ಲಿಟ್ಟು ಸುಮ್ಮನಾಗುತ್ತವೆ. ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ಒಂದು ಕಡೆ ಸೆಟ್ಟಿಂಗ್ ಕೆಡಿಸಿದರೆ, ಆ ಕೆಟ್ಟದ್ದೇ ಕ್ಷಣಾರ್ಧದಲ್ಲಿ ಎಲ್ಲ ಯಂತ್ರಗಳಿಗೂ ಹೋಗುತ್ತದೆ.

ಬ್ರೌಸರಿನ ಬುಕ್‌ಮಾರ್ಕು, ವಿಎಸ್ ಕೋಡ್ ಎಡಿಟರಿನ ಬಣ್ಣ ಇಂಥವಕ್ಕೆ ಆಯಾ ತಂತ್ರಾಂಶದ ಖಾತೆಯಲ್ಲೇ ಸಿಂಕ್ ಸೌಲಭ್ಯ ಇದೆ. ಬಳಸಿ, ಇನ್ನೇನೂ ತಲೆಕೆಡಿಸಿಕೊಳ್ಳಬೇಡಿ. ಫೋನಿನ ಜಿಬೋರ್ಡಿನಲ್ಲೂ ಸ್ವಂತ ಪದಪಟ್ಟಿಯನ್ನು ಹೊರತೆಗೆದುಕೊಳ್ಳುವ ಆಯ್ಕೆ ಇದೆ, ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ.

ಪ್ರೋಗ್ರಾಮರುಗಳು ಕಂಡುಕೊಂಡ ದಾರಿ ಗಿಟ್. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ಲಿಗೆಂದು ಬರೆದ ಈ ಸಾಧನ, ಯಾವ ಕಡತದಲ್ಲಿ ಯಾವ ಸಾಲು ಯಾವಾಗ ಯಾಕೆ ಬದಲಾಯಿತು ಎಂಬುದನ್ನೆಲ್ಲ ಇಡುತ್ತದೆ. ಬದಲಾವಣೆ ತಾನಾಗಿ ಹೋಗುವುದಿಲ್ಲ. ನೀವೇ ಒಪ್ಪಿ, ಒಂದು ಸಾಲು ಕಾರಣ ಬರೆದು ಕಳಿಸಬೇಕು. ಆ ಒಂದು ಸಾಲು ಬರೆಯಲು ಸೋಮಾರಿತನ ಮಾಡದಿದ್ದರೆ, ಎರಡು ವರ್ಷದ ನಂತರ ‘ಈ ಸಾಲು ಇಲ್ಲಿ ಯಾಕಿದೆ’ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ. ಆಪರೇಟರ್ ಅವರ ಮಗ ತಂದೆಯ ಪದಪಟ್ಟಿಯನ್ನು ತನ್ನ ಗಿಟ್ ಭಂಡಾರದಲ್ಲೇ ಒಂದು ಫೋಲ್ಡರ್ ಮಾಡಿ ಇಟ್ಟಿದ್ದಾನೆ. ಕಾರಣದ ಸಾಲನ್ನು ತಂದೆ ಕನ್ನಡದಲ್ಲೇ ಬರೆಯುತ್ತಾರೆ. ಗಿಟ್‌ಗೆ ಅದರ ತಕರಾರಿಲ್ಲ.

ಒಂದು ತೊಡಕಿದೆ. ಗಿಟ್ ಭಂಡಾರ ಒಂದು ಫೋಲ್ಡರಿನಲ್ಲಿರುತ್ತದೆ, ತಂತ್ರಾಂಶಗಳು ತಮ್ಮ ಸೆಟ್ಟಿಂಗನ್ನು ಹುಡುಕುವುದು ಹತ್ತು ಬೇರೆ ಕಡೆ. ಇವೆರಡನ್ನು ಬೆಸೆಯುವುದು ಸಿಂಬಾಲಿಕ್ ಲಿಂಕ್. ನಿಜವಾದ ಕಡತ ಭಂಡಾರದಲ್ಲಿ. ತಂತ್ರಾಂಶ ನೋಡುವ ಜಾಗದಲ್ಲಿ ‘ಅದು ಅಲ್ಲಿದೆ, ಹೋಗಿ ನೋಡು’ ಎಂಬ ಸೂಚನೆ ಮಾತ್ರ. ತಂತ್ರಾಂಶಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಲಿಬ್ರೆಆಫೀಸಿನಲ್ಲಿ ಪದ ಸೇರಿಸಿದರೆ ನೇರ ಭಂಡಾರದಲ್ಲೇ ಸೇರುತ್ತದೆ. ಕೈಯಿಂದ ಒಂದೊಂದೇ ಲಿಂಕ್ ಹಾಕುವ ಬದಲು ಗ್ನೂ ಸ್ಟೋ ಎಂಬ ಪುಟ್ಟ ಉಪಕರಣ ಒಂದೇ ಆದೇಶಕ್ಕೆ ಎಲ್ಲ ಹಾಕಿಕೊಡುತ್ತದೆ. 1990ರ ದಶಕದಲ್ಲಿ ಬೇರೆ ಕೆಲಸಕ್ಕೆಂದು ಹುಟ್ಟಿದ್ದು, ಈಗ ಹೆಚ್ಚಾಗಿ ಬದುಕಿರುವುದು ಡಾಟ್‌ಫೈಲ್ಸ್ ದೆಸೆಯಿಂದ. ವಿಂಡೋಸಿನಲ್ಲಿ ಲಿಂಕ್ ಹಾಕಲು ಡೆವಲಪರ್ ಮೋಡ್ ಅಥವಾ ಅಡ್ಮಿನ್ ಅನುಮತಿ ಬೇಕು. ಪ್ರೆಸ್ಸಿನ ಯಂತ್ರದಲ್ಲಿ ಅದು ಸಿಗುವುದಿಲ್ಲ, ಹಾಗಾಗಿ ಅಲ್ಲಿ ನಕಲೇ ಗತಿ.

ಈಗ ಮುಖ್ಯ ಪ್ರಶ್ನೆ. ಎರಡು ಯಂತ್ರ ಒಂದೇ ಥರ ಇರುವುದಿಲ್ಲ. ಮಗನ ಕಂಪನಿ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಇಮೇಲ್, ಸ್ವಂತದ್ದರಲ್ಲಿ ಸ್ವಂತದ್ದು. ಒಂದರ ಪರದೆ ಸಣ್ಣದು, ಅಕ್ಷರ ದೊಡ್ಡದು ಬೇಕು. ಒಂದರಲ್ಲಿ ಪ್ರಾಕ್ಸಿ ಇದೆ, ಇನ್ನೊಂದರಲ್ಲಿ ಇಲ್ಲ. ಇದಕ್ಕಾಗಿ ಯಂತ್ರಕ್ಕೊಂದು ಪ್ರತಿ ಮಾಡಿಕೊಂಡವರನ್ನು ನೋಡಿದ್ದೇನೆ. ಆರು ತಿಂಗಳಿಗೆ ಪ್ರತಿಗಳು ತಮ್ಮ ತಮ್ಮ ದಾರಿ ಹಿಡಿದಿರುತ್ತವೆ, ಸೆಟ್ಟಿಂಗ್ ಒಯ್ಯುವ ಉದ್ದೇಶವೇ ಮಣ್ಣುಪಾಲು. ಸರಿಯಾದ ಕ್ರಮ ಹೇಗೆ ಎಂದರೆ ಬೆಂಗೇರಿಯವರಿಗೆ ದೂರ ಹುಡುಕಬೇಕಿಲ್ಲ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲೇ ಇದೆ; ಇಲ್ಲಿ ಹೊಲಿದ ರಾಷ್ಟ್ರಧ್ವಜ ದೇಶದೆಲ್ಲೆಡೆ ಹಾರುತ್ತದೆ. ಧ್ವಜಕ್ಕೊಂದು ಮಾನಕವಿದೆ, ಸ್ವತಂತ್ರ ಭಾರತದ ಮೊತ್ತಮೊದಲ ಮಾನಕ, ಐಎಸ್ 1, 1951ರದ್ದು. ಅದರ ಪ್ರಕಾರ ಉದ್ದ ಅಗಲ 3ಕ್ಕೆ 2, ಚಕ್ರಕ್ಕೆ 24 ಅರೆ, ಬಣ್ಣದ ಛಾಯೆ ಇಂಥದ್ದೇ, ನೂಲಿನ ಎಣಿಕೆ ಇಷ್ಟೇ. ಇವು ಎಲ್ಲಿಯೂ ಬದಲಾಗುವುದಿಲ್ಲ. ಬದಲಾಗುವುದು ಅಳತೆ ಮಾತ್ರ, ಅದೂ ಒಂಬತ್ತು ಬಗೆ, ಎಲ್ಲಿಗೆ ಯಾವುದು ಎಂಬುದು ಬರಹದಲ್ಲಿದೆ: ದೊಡ್ಡ ಸ್ತಂಭಕ್ಕೆ 6300ಕ್ಕೆ 4200 ಮಿಲಿಮೀಟರ್, ಗಣ್ಯರ ಕಾರಿಗೆ 225ಕ್ಕೆ 150, ಮೇಜಿಗೆ 150ಕ್ಕೆ 100. ಕಾರಿನ ಧ್ವಜಕ್ಕೆಂದು ಬೇರೆ ಚಕ್ರ ಯಾರೂ ಕಲ್ಪಿಸಿಕೊಳ್ಳುವುದಿಲ್ಲ.

ಸೆಟ್ಟಿಂಗಿನಲ್ಲೂ ಅಷ್ಟೇ: ಮೂಲ ಒಂದು, ವ್ಯತ್ಯಾಸಗಳು ಬೆರಳೆಣಿಕೆಯವು, ಎಲ್ಲಿಗೆ ಯಾವುದು ಎಂಬುದು ಬರಹದಲ್ಲಿ. ಗಿಟ್‌ನ ಸ್ವಂತ ಸೆಟ್ಟಿಂಗಿನಲ್ಲಿ 2017ರಿಂದ ಷರತ್ತಿನ ಸೇರ್ಪಡೆ ಇದೆ. ಈ ಫೋಲ್ಡರಿನೊಳಗೆ ಕೆಲಸ ಮಾಡುವಾಗ ಕಂಪನಿಯ ಇಮೇಲ್ ಹಾಕು, ಉಳಿದ ಕಡೆ ನನ್ನದು ಎಂದು ಒಂದೇ ಕಡತದಲ್ಲಿ ಹೇಳಬಹುದು. ರಾತ್ರಿ ಹವ್ಯಾಸಕ್ಕೆ ಬರೆದ ಕೋಡಿನ ಮೇಲೆ ಕಂಪನಿಯ ವಿಳಾಸ ಅಚ್ಚಾಗಿ ಮುಜುಗರವಾಗುವುದು ಇದರಿಂದ ತಪ್ಪುತ್ತದೆ. ಇಂಥ ಸೌಲಭ್ಯ ಇಲ್ಲದ ತಂತ್ರಾಂಶಗಳಿಗೆ ಶೆಮ್ವಾ ಎಂಬ ಉಪಕರಣವಿದೆ. ಅದು ಮೂಲ ಕಡತವನ್ನು ಅಚ್ಚಿನಂತೆ ಇಟ್ಟುಕೊಂಡು, ಯಂತ್ರದ ಹೆಸರು ನೋಡಿ ಬಿಟ್ಟಸ್ಥಳ ತುಂಬಿ ಆಯಾ ಜಾಗಕ್ಕೆ ಬರೆದುಕೊಡುತ್ತದೆ. ನಿಕ್ಸ್ ಎಂಬುದು ಇನ್ನೂ ಮುಂದೆ ಹೋಗಿ ತಂತ್ರಾಂಶಗಳನ್ನೂ ಸೇರಿಸಿ ಇಡೀ ಯಂತ್ರವನ್ನೇ ಒಂದು ಬರಹದಿಂದ ಕಟ್ಟಿಕೊಡುತ್ತದೆ. ಅದನ್ನು ಕಲಿಯಲು ಹೊರಟವರು ಮನೆಯವರಿಗೆ ಮೊದಲೇ ಹೇಳಿ ಹೋಗುವುದು ಲೇಸು, ಬೇಗ ವಾಪಸ್ ಬರುವುದಿಲ್ಲ.

ಕಡತ ಸರಿಯಾಗಿಯೇ ಬಂದಿದೆ, ಆದರೂ ಕೆಲಸ ಮಾಡುವುದಿಲ್ಲ ಎಂಬ ಸ್ಥಿತಿಯೂ ಉಂಟು. ಕಾರಣ ಬಹಳ ಸಲ ಎರಡರಲ್ಲೊಂದು. ಮೊದಲನೆಯದು ಸಾಲಿನ ಕೊನೆ. ಹಳೆಯ ಟೆಲಿಪ್ರಿಂಟರಿನಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕಿತ್ತು, ಕ್ಯಾರೇಜ್ ಎಡಕ್ಕೆ ಬರುವುದು, ಕಾಗದ ಒಂದು ಸಾಲು ಮೇಲೇರುವುದು. ಟೈಪ್‌ರೈಟರ್ ಹೊಡೆದವರಿಗೆ ಇದು ಗೊತ್ತು. ವಿಂಡೋಸ್ ಇಂದಿಗೂ ಎರಡೂ ಸಂಕೇತ ಬರೆಯುತ್ತದೆ, ಲಿನಕ್ಸ್ ಒಂದೇ ಬರೆಯುತ್ತದೆ. ವಿಂಡೋಸಿನಲ್ಲಿ ತಿದ್ದಿ ತಂದ ಸ್ಕ್ರಿಪ್ಟನ್ನು ಲಿನಕ್ಸಿನಲ್ಲಿ ಓಡಿಸಿದರೆ, ಕಣ್ಣಿಗೆ ಕಾಣದ ಆ ಹೆಚ್ಚಿನ ಸಂಕೇತಕ್ಕೆ ಮುಗ್ಗರಿಸಿ, ‘ಇಂಥ ಆದೇಶವಿಲ್ಲ’ ಎನ್ನುತ್ತದೆ. ಆದೇಶವಂತೂ ಅಲ್ಲೇ ಕಾಣುತ್ತಿರುತ್ತದೆ. ಭಂಡಾರದಲ್ಲಿ ‘ಗಿಟ್‌ಆಟ್ರಿಬ್ಯೂಟ್ಸ್’ ಎಂಬ ಕಡತವಿಟ್ಟು, ಸಾಲಿನ ಕೊನೆ ಎಲ್ಲೆಡೆ ಒಂದೇ ಬಗೆ ಎಂದು ಬರೆದರೆ ಈ ಕಾಟ ಮುಗಿಯಿತು. ಎರಡನೆಯದು ಅನುಮತಿ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಯ ಕಡತವನ್ನು ಮಾಲೀಕನಲ್ಲದೆ ಬೇರೆಯವರು ಓದುವಂತಿದ್ದರೆ ಎಸ್‌ಎಸ್‌ಎಚ್ ಆ ಕೀಲಿಯನ್ನು ಮುಟ್ಟುವುದೇ ಇಲ್ಲ. ಗಿಟ್ ಆದರೋ ಕಡತ ಓಡಿಸಬಹುದಾದದ್ದೋ ಅಲ್ಲವೋ ಎಂಬುದೊಂದನ್ನು ಬಿಟ್ಟು ಉಳಿದ ಅನುಮತಿಗಳನ್ನು ನೆನಪಿಡುವುದಿಲ್ಲ.

ಅಸಲಿಗೆ ಕೀಲಿ ಗಿಟ್‌ನೊಳಗೆ ಇರಲೇಬಾರದು. 2013ರ ಜನವರಿಯಲ್ಲಿ, ಗಿಟ್ ಭಂಡಾರಗಳನ್ನು ಇಡುವ ಜಾಲತಾಣ ಗಿಟ್‌ಹಬ್ ಹೊಸ ಹುಡುಕಾಟ ಸೌಲಭ್ಯ ತೆರೆದಾಗ, ಜನ ಕೂಡಲೇ ಕಂಡುಕೊಂಡದ್ದು ಇತರರ ಖಾಸಗಿ ಎಸ್‌ಎಸ್‌ಎಚ್ ಕೀಲಿಗಳನ್ನು. ಡಾಟ್‌ಫೈಲ್ಸ್ ಹಂಚಿಕೊಳ್ಳುವ ಉತ್ಸಾಹದಲ್ಲಿ ಇಡೀ ಫೋಲ್ಡರನ್ನೇ ಏರಿಸಿದವರ ಬೀಗದ ಕೈಗಳು ಅವು. 2019ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದವರು ಗಿಟ್‌ಹಬ್ಬನ್ನು ಜಾಲಾಡಿ, ಒಂದು ಲಕ್ಷಕ್ಕೂ ಹೆಚ್ಚು ಭಂಡಾರಗಳಲ್ಲಿ ಹೀಗೆ ಗುಟ್ಟುಗಳು ಬಯಲಾಗಿರುವುದನ್ನು ತೋರಿಸಿದರು. ಇಲ್ಲಿ ಗಿಟ್‌ನ ಗುಣವೇ ಮುಳ್ಳಾಗುತ್ತದೆ. ಹಳೆಯದೆಲ್ಲ ನೆನಪಿಡುವ ಸಾಧನದಲ್ಲಿ ಒಮ್ಮೆ ಸೇರಿದ ಪಾಸ್‌ವರ್ಡ್ ಮರುದಿನ ಅಳಿಸಿದರೂ ಚರಿತ್ರೆಯಲ್ಲಿ ಕೂತಿರುತ್ತದೆ. ಹಾಗೆ ಆದಾಗ ಅಳಿಸುವುದರಲ್ಲಿ ಹೊತ್ತು ಕಳೆಯಬಾರದು, ಆ ಪಾಸ್‌ವರ್ಡನ್ನೇ ಬದಲಿಸಬೇಕು. ಯಂತ್ರಕ್ಕೊಂದು ಬೇರೆ ಕೀಲಿ ಮಾಡಿಕೊಂಡರೆ ಒಯ್ಯುವ ಪ್ರಶ್ನೆಯೇ ಇಲ್ಲ. ಒಂದು ಲ್ಯಾಪ್‌ಟಾಪ್ ಕಳವಾದರೆ ಆ ಒಂದು ಕೀಲಿಯನ್ನು ರದ್ದು ಮಾಡಿದರಾಯಿತು. ಪದಪಟ್ಟಿಯಲ್ಲೂ ಗುಟ್ಟು ಇರುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅಚ್ಚಾಗದ ಪುಸ್ತಕದ ಪಾತ್ರಗಳ ಹೆಸರು, ಗ್ರಾಹಕರ ಮನೆತನದ ಹೆಸರು, ಮಂಗಲ ಕಾರ್ಯದ ಕರಪತ್ರಗಳಿಂದ ಬಂದ ಊರುಗಳು. ಆ ಪಟ್ಟಿಯ ಭಂಡಾರ ಖಾಸಗಿಯಾಗಿಯೇ ಇರಲಿ.

ಕೆಲವು ಹುಡುಗರಿಗೆ ಇದೇ ಒಂದು ಚಟವಾಗುತ್ತದೆ. ಭಾನುವಾರವಿಡೀ ಟರ್ಮಿನಲ್ಲಿನ ಬಣ್ಣ ತಿದ್ದುವುದು, ಯಾರದೋ ಎಂಟುನೂರು ಸಾಲಿನ ವಿಮ್ ಎಡಿಟರಿನ ಸೆಟ್ಟಿಂಗ್ ಇಳಿಸಿಕೊಂಡು ತನ್ನದೆಂದು ಮೆರೆಯುವುದು. ಬೇರೆಯವರ ಕಡತ ಓದಿ ಕಲಿಯಲು ಚೆನ್ನ, ಇಡಿಯಾಗಿ ಎತ್ತಿ ಹಾಕಿಕೊಳ್ಳಲು ಅಲ್ಲ. ಅರ್ಥವಾಗದ ಸಾಲು ಕೆಟ್ಟಾಗ ಸರಿಪಡಿಸುವವರು ಯಾರು? ನನ್ನ ಲೆಕ್ಕದಲ್ಲಿ ಒಬ್ಬರ ಕೆಲಸಕ್ಕೆ ಬೇಕಾದ ಸೆಟ್ಟಿಂಗುಗಳು ಒಂದು ಕೈಯಗಲದ ಪುಟದಲ್ಲಿ ಮುಗಿಯುತ್ತವೆ. ಮೇಲಾಗಿ, ಹಂಚಿಕೊಂಡ ಯಂತ್ರದ ಮುಂದೆ ಕೂರುವವನಿಗೆ ಡೀಫಾಲ್ಟ್ ಸೆಟ್ಟಿಂಗಿನಲ್ಲೂ ಕೆಲಸ ನಡೆಸಲು ಬರಬೇಕು. ಆಪರೇಟರ್ ಇದನ್ನು ಬಲ್ಲರು. ಬ್ಯಾಂಕಿನಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಯಾರಾದರೂ ಕರೆದು ಟೈಪ್ ಮಾಡಿಸಿಕೊಂಡರೆ, ಇನ್‌ಸ್ಕ್ರಿಪ್ಟಿನಲ್ಲೇ ಬೈದುಕೊಳ್ಳುತ್ತ ಮುಗಿಸಿ ಬರುತ್ತಾರೆ.

ತಂದೆಯ ಪದಪಟ್ಟಿಯಲ್ಲಿ ಎರಡು ಯಂತ್ರದ ಜಗಳ ಬಂದಾಗ ಮಗ ಗಿಟ್‌ಗೆ ಒಂದು ಸಾಲು ಹೇಳಿಕೊಟ್ಟಿದ್ದಾನೆ: ಈ ಕಡತದಲ್ಲಿ ತಕರಾರು ಬಂದರೆ ಎರಡೂ ಕಡೆಯ ಸಾಲುಗಳನ್ನು ಇಟ್ಟುಕೋ. ‘ಯೂನಿಯನ್ ಮರ್ಜ್’ ಎನ್ನುತ್ತಾರೆ. ಪ್ರೋಗ್ರಾಂ ಕೋಡಿಗೆ ಇದು ಅಪಾಯ, ಪದಪಟ್ಟಿಗೆ ಹೇಳಿ ಮಾಡಿಸಿದ್ದು. ಇದರಿಂದ ಪಟ್ಟಿಯಲ್ಲಿ ‘ಅಗದಿ’ಯೂ ಇದೆ, ‘ಅಗದೀ’ಯೂ ಇದೆ. ಒಂದನ್ನು ತೆಗೆಯಲೇ ಎಂದು ಮಗ ಕೇಳಿದ್ದಕ್ಕೆ, “ಇರ್ಲಿ ಬಿಡೋ, ಬರಿಯೋರು ಹೆಂಗ ಬರೀತಾರ ಹಂಗ” ಅಂದರಂತೆ.

ಎಲ್ಲ ಸರಿಯಾಗಿದೆಯೋ ಎಂದು ನೋಡಲು ಹೊಸ ಕಂಪ್ಯೂಟರ್ ಬರುವ ತನಕ ಕಾಯಬೇಕಿಲ್ಲ. ಇರುವ ಯಂತ್ರದಲ್ಲೇ ಹೊಸ ಯೂಸರ್ ಒಬ್ಬನನ್ನು ಸೃಷ್ಟಿಸಿ, ಅವನಾಗಿ ಲಾಗಿನ್ ಆಗಿ, ಭಂಡಾರ ಇಳಿಸಿ, ಲಿಂಕ್ ಹಾಕಿ. ಕನ್ನಡದಲ್ಲಿ ಒಂದು ಪ್ಯಾರಾ ಟೈಪ್ ಮಾಡಿ. ಬಾರದೆ ಉಳಿದದ್ದು ಏನೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬೆಂಗೇರಿಯ ಮನೆಯಲ್ಲಿ ಹಾಗೆ ಮಾಡಿದಾಗ ಕೀಬೋರ್ಡ್ ಬಂತು, ಫಾಂಟ್ ಬಂತು, ಪದಪಟ್ಟಿ ಬಂತು. ಮೂರಕ್ಷರ ಒತ್ತಿದರೆ ವಿಳಾಸ ಬರಬೇಕಿದ್ದ ಆಟೊಕರೆಕ್ಟ್ ಬರಲಿಲ್ಲ. ಲಿಬ್ರೆಆಫೀಸ್ ಅದನ್ನು ಬಿಡಿ ಪಠ್ಯವಾಗಿ ಇಡದೆ ಜಿಪ್ ಕಟ್ಟಿ ಬೇರೆ ಫೋಲ್ಡರಿನಲ್ಲಿ ಇಡುತ್ತದೆ, ಅದು ಭಂಡಾರಕ್ಕೆ ಸೇರಿರಲಿಲ್ಲ. ಮಗ ಆ ಜಿಪ್ ಬಿಚ್ಚಿ ಒಳಗಿನ ಎಕ್ಸ್‌ಎಂಎಲ್ ಕಡತವನ್ನು ಭಂಡಾರಕ್ಕೆ ಹಾಕಿ, ಪ್ರತಿ ಯಂತ್ರದಲ್ಲಿ ಮತ್ತೆ ಕಟ್ಟುವ ಸ್ಕ್ರಿಪ್ಟ್ ಬರೆಯುತ್ತಿದ್ದಾನೆ.